ಕಾಲರಕ್ಕನ ಪೂರ್ತಿ ಅಂಗಿ

ಗರ್... ಟಕ್. ಗರ್ರ್ರ್... ಟಕ್. ಗರ್.

ಒಂದು ಕಾಲರಿನ ಸದ್ದು ಇಷ್ಟೇ. ಗಿಡ್ಡ ಅಂಚು, ಒಂದು ಮೂಲೆ. ಉದ್ದನೆಯ ಅಂಚು, ಇನ್ನೊಂದು ಮೂಲೆ. ಮತ್ತೆ ಗಿಡ್ಡ ಅಂಚು. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಬೇಕು, ಮೊಣಕಾಲಿನಿಂದ ಸನ್ನೆಕೋಲು ಒತ್ತಿ ಯಂತ್ರದ ಪಾದವನ್ನು ಎತ್ತಬೇಕು, ಬಟ್ಟೆ ತಿರುಗಿಸಬೇಕು. ಟಕ್ ಎನ್ನುವುದು ಆ ಪಾದ ಏಳುವ ಸದ್ದು. ನೂರಾರು ಯಂತ್ರಗಳು ಒಟ್ಟಿಗೆ ಬಾಯಿ ಮಾಡುವ ಹಾಲಿನಲ್ಲಿ ಅವಳಿಗೆ ತನ್ನ ಯಂತ್ರದ ಟಕ್ ಮಾತ್ರ ಬೇರೆಯಾಗಿ ಕೇಳಿಸುತ್ತಿತ್ತು, ಜನಜಂಗುಳಿಯ ನಡುವೆ ತನ್ನ ಕೂಸಿನ ಅಳು ತಾಯಿಗೆ ಕೇಳಿಸುವ ಹಾಗೆ.

ಹತ್ತೊಂಬತ್ತು ವರ್ಷ ಅವಳು ಕಾಲರು ಹೊಲಿದಳು. ಕಾಲರು ಮಾತ್ರ. ಕತ್ತರಿಸಿದ ತುಂಡುಗಳು ಎಡಗಡೆಯಿಂದ ಬರುತ್ತಿದ್ದವು, ಹೊಲಿದದ್ದು ಬಲಗಡೆಗೆ ಹೋಗುತ್ತಿತ್ತು. ಬಲಗಡೆಗೆ ಹೋದ ಕಾಲರಿಗೆ ಕುತ್ತಿಗೆ ಎಲ್ಲಿ ಸಿಕ್ಕಿತು, ಆ ಕುತ್ತಿಗೆಗೆ ಭುಜ ಯಾರು ಕೊಟ್ಟರು ಎಂದು ತಲೆಯೆತ್ತಿ ನೋಡುವಷ್ಟರಲ್ಲಿ ಎಡಗಡೆ ರಾಶಿ ಬೆಳೆದುಬಿಡುತ್ತಿತ್ತು. ಹಾಗಾಗಿ ಅವಳು ನೋಡುವುದನ್ನೇ ಬಿಟ್ಟಳು. ಕೈ ತಾನಾಗಿ ಎಡಕ್ಕೆ ಚಾಚಿ ತುಂಡನ್ನು ಎತ್ತಿಕೊಳ್ಳುತ್ತಿತ್ತು, ತಾನಾಗಿ ಬಲಕ್ಕೆ ದೂಡುತ್ತಿತ್ತು. ಅವಳು ನಡುವೆ ಕೂತಿದ್ದಳು, ಅಷ್ಟೇ.

ಆ ಹಾಲಿನಲ್ಲಿ ಎಲ್ಲರನ್ನೂ ಅವರವರ ಹೊಲಿಗೆ ಹಿಡಿದೇ ಕೂಗುವ ರೂಢಿ. “ಏ ಜೇಬು, ಟೀಗೆ ಬರ್ತೀಯಾ?” “ಕಫ್‌ಗೆ ಇವತ್ತು ಜ್ವರ ಅಂತೆ.” “ಎಡತೋಳಿಗೂ ಬಲತೋಳಿಗೂ ಜಗಳ ಆಗಿದೆ, ಮಾತು ಬಿಟ್ಟಿದಾರೆ.” ಇವಳು ಮೊದಮೊದಲು ಬರೀ ಕಾಲರು. ತಲೆಗೂದಲಲ್ಲಿ ಬಿಳಿ ಇಣುಕಿದ ಮೇಲೆ ಕಾಲರಕ್ಕ ಆದಳು.

ಮೂರು ತಿಂಗಳ ಹಿಂದೆ ಕಾರ್ಖಾನೆಯನ್ನು ಬೇರೆ ಊರಿಗೆ ಎತ್ತಿಕೊಂಡು ಹೋದರು. ಯಂತ್ರಗಳು ಲಾರಿ ಹತ್ತಿದವು, ಹೊಲಿಯುವವರು ಗೇಟಿನ ಹೊರಗೆ ನಿಂತು ನೋಡಿದರು. ಅದು ತನ್ನದಿರಬಹುದು, ಇದು ತನ್ನದಿರಬಹುದು ಎಂದು ಕಾಲರಕ್ಕ ಬಹಳ ಹೊತ್ತು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಪ್ಲಾಸ್ಟಿಕ್ ಸುತ್ತಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

ಮನೆಯಲ್ಲಿ ನಾಲ್ಕು ಜನ: ಅವಳು, ವ್ಯಾನು ಓಡಿಸುವ ತಮ್ಮ, ತಮ್ಮನ ಹೆಂಡತಿ, ಅವರ ಒಬ್ಬಳೇ ಮಗಳು. ಇರುವುದು ಒಂದೂವರೆ ಕೋಣೆ. ಆ ಅರ್ಧ ಕೋಣೆಯನ್ನು ಅತ್ತೆ–ಸೊಸೆ ಹಂಚಿಕೊಂಡಿದ್ದರು. ಸೊಸೆ ಎಂದರೆ ತಮ್ಮನ ಮಗಳು. ಮೊನ್ನೆಮೊನ್ನೆ ಓದು ಮುಗಿಸಿದವಳು, ಬಾಯಿ ಸ್ವಲ್ಪ ಜೋರು.

ಆ ಮನೆಯಲ್ಲಿ, ನೆಂಟರಿಷ್ಟರಲ್ಲಿ, ಇಡೀ ಓಣಿಯಲ್ಲಿ ಅವಳು ‘ಟೈಲರು’. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಚಿಕ್ಕಮ್ಮ ಒಬ್ಬಳು ಬಟ್ಟೆ ಹಿಡಿದುಕೊಂಡು ಬಂದಿದ್ದಳು. “ಮೊಮ್ಮಗಳಿಗೆ ಒಂದು ಫ್ರಾಕು ಹೊಲಿದುಕೊಡೇ, ಹೊರಗೆ ಯಾಕೆ ಕೊಡೋದು, ನೀನೇ ಇದೀಯಲ್ಲ.” ನನಗೆ ಬರುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅಷ್ಟರಲ್ಲಿ ತಮ್ಮ, “ನಮ್ಮಕ್ಕ ಕಣ್ಣು ಮುಚ್ಚಿಕೊಂಡು ಹೊಲಿದುಬಿಡ್ತಾಳೆ” ಅಂದಿದ್ದ. ಅವನ ಮುಖದಲ್ಲಿ ಅಂಥ ಹೆಮ್ಮೆಯನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ. ಬಟ್ಟೆ ತೆಗೆದುಕೊಂಡಳು. ಮಾರನೆಯ ದಿನ ಅದನ್ನು ಚೀಲದ ತಳಕ್ಕೆ ತುರುಕಿ ಮೂಲೆ ಟೈಲರನ ಹತ್ತಿರ ಹೋದಳು.

ಮೂಲೆ ಟೈಲರನ ಅಂಗಡಿ ಇದ್ದದ್ದು ಎರಡು ಬೀದಿ ಕೂಡುವ ಕಡೆ, ಒಂದು ಮಹಡಿ ಮೆಟ್ಟಿಲಿನ ಕೆಳಗೆ. ಯಂತ್ರ ಇಟ್ಟರೆ ಆಳಿಗೆ ಜಾಗವಿಲ್ಲ, ಆಳು ಕೂತರೆ ಗಿರಾಕಿಗೆ ಜಾಗವಿಲ್ಲ. ಯಾರಾದರೂ ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ಧೂಳು ಉದುರುತ್ತಿತ್ತು. ಅಂದಿನಿಂದ ನೆಂಟರ ಫ್ರಾಕು, ಪೈಜಾಮ, ಹುಡುಗರ ಚಡ್ಡಿ ಎಲ್ಲವೂ ಅಲ್ಲಿಗೆ ಹೋಗಿ, ಅಲ್ಲಿಂದ ಅವಳ ಚೀಲ ಸೇರಿ, ‘ಊಟದ ಬಿಡುವಲ್ಲಿ ಹೊಲಿದೆ’ ಎಂಬ ಒಂದು ಮಾತಿನ ಜೊತೆ ಮನೆಗೆ ಬರುತ್ತಿದ್ದವು. ಆ ಮುದುಕ ಟೈಲರು ಬಾಯಿಗೆ ಬೀಗ ಹಾಕಿಕೊಂಡಿದ್ದ. ಆದರೆ ಕುಟುಕುವುದನ್ನು ಬಿಟ್ಟವನಲ್ಲ. “ಬಾರಮ್ಮ, ನಾನು ಹೊಲಿದಿದ್ದಕ್ಕೆ ನಿನಗೆ ಹೆಸರು ಬಂತಾ?” ಎಂದು ಕೇಳಿಯೇ ಅಳತೆ ಪಟ್ಟಿ ಎತ್ತಿಕೊಳ್ಳುತ್ತಿದ್ದ.

ಈಗ ಕೆಲಸ ಹೋದ ಮೇಲೆ ಬಂದ ಕಷ್ಟ, ಮನೆಯವರು ಕೈಬಿಟ್ಟರು ಎಂದಲ್ಲ. ಅವರ ಪ್ರೀತಿಯೇ ಕಷ್ಟವಾಗಿ ಬಂತು.

“ಅತ್ತಿಗೆ, ನೀವು ಯಾಕೆ ಗೇಟು ಗೇಟು ಅಲೀತೀರಿ?” ಎಂದಳು ತಮ್ಮನ ಹೆಂಡತಿ, ಪಾತ್ರೆ ಒರೆಸುತ್ತಾ. “ನಿಮ್ಮ ತಮ್ಮ ಒಂದು ಮಿಷನ್ ನೋಡಿಟ್ಟಿದಾರೆ. ಈ ತಿಂಗಳ ಕೊನೆಗೆ ತಂದುಬಿಡ್ತಾರಂತೆ. ಕಿಟಕಿ ಹತ್ರ ಇಟ್ಕೊಂಡು ಮನೇಲೇ ಹೊಲೀರಿ. ಈ ಓಣಿಯೋರೆಲ್ಲ ನಿಮ್ಮ ಹತ್ರಾನೇ ಬರ್ತಾರೆ.”

ಅವಳು ಒರೆಸಿದ ಪಾತ್ರೆ ಎತ್ತಿಡಲು ಎದ್ದಳು. “ಇಷ್ಟು ವರ್ಷ ಇಡೀ ದಿನ ಅದರ ಮುಖಾನೇ ನೋಡಿದೀನಿ ತಾಯಿ. ಮನೇಲೂ ಬೇಡ.”

“ಅಯ್ಯೋ, ನಾನು ಬಾಗಿಲಿಗೆ ಬೋರ್ಡ್ ಬರೆಸೋಕೂ ಹೇಳಾಯ್ತು!”

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಯಂತ್ರ ಬಂದು ಕಿಟಕಿಯ ಹತ್ತಿರ ಕೂತರೆ, ಓಣಿಯ ಮೊದಲನೆಯ ಹೆಂಗಸು ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತರೆ, ತಮ್ಮ ಪಕ್ಕದಲ್ಲೇ ಟೀ ಕುಡಿಯುತ್ತಾ ನೋಡುತ್ತಿದ್ದರೆ? ಯಂತ್ರ ಬರುವ ಮೊದಲು ಎಲ್ಲಾದರೂ ಒಂದು ಕೆಲಸ ಸಿಗಲೇಬೇಕು. ಸಿಕ್ಕರೆ, ‘ಈಗ ಮಿಷನ್ ಯಾಕೆ, ನನಗೆ ಪುರುಸೊತ್ತೆಲ್ಲಿ’ ಅನ್ನಬಹುದು. ಸಿಗದಿದ್ದರೆ ಇಷ್ಟು ವರ್ಷದ ಹೆಸರು ಒಂದೇ ಬೆಳಿಗ್ಗೆ ಬಿಚ್ಚಿಹೋಗುತ್ತದೆ.

ಕಾಲರಿಗೆ ಅಂತ ಕೆಲಸ ಎಲ್ಲೂ ಇರಲಿಲ್ಲ. “ಕಾಲರಿಗೆ ಈಗ ಯಂತ್ರವೇ ಬಂದಿದೆಯಮ್ಮ. ಗುಂಡಿ ಒತ್ತಿದರೆ ಸಾಕು, ಮೂಲೇನೂ ಅದೇ ತಿರುಗಿಸುತ್ತೆ” ಎಂದು ಒಂದು ಗೇಟಿನವನು ಹೇಳಿದ. ಸಹಾಯಕರ ಕೆಲಸವಾದರೂ ಕೊಡಿ ಎಂದರೆ ಇನ್ನೊಂದು ಗೇಟಿನವನು ವಯಸ್ಸು ಕೇಳಿ ತಲೆಯಾಡಿಸಿದ. ಕೊನೆಗೆ ಸೊಸೆಯೇ ಫೋನು ಹಿಡಿದು ಹುಡುಕಲು ಕೂತಳು.

“ಕೇಳು ಅತ್ತೆ. ‘ಸೀನಿಯರ್ ಟೈಲರ್ ಬೇಕಾಗಿದ್ದಾರೆ. ಎ ಗ್ರೇಡ್. ಕನಿಷ್ಠ ಹತ್ತು ವರ್ಷದ ಅನುಭವ.’ ನಿನ್ನನ್ನೇ ಮುಂದೆ ಕೂರಿಸಿಕೊಂಡು ಬರೆದ ಹಾಗಿದೆ!”

“ಮುಂದೆ ಓದು.”

“‘ಇಡೀ ಶರ್ಟನ್ನು ಒಬ್ಬರೇ ಹೊಲಿಯುವ ಸಾಮರ್ಥ್ಯ. ಮಟ್ಟ: ಪರಿಣತ. ಟ್ರಯಲ್ ಇರುತ್ತದೆ.’”

“ಕಾಲರು ಅಂತ ಎಲ್ಲಾದ್ರೂ ಹಾಕಿದಾರಾ ನೋಡು.”

“ಕಾಲರು ಅಂತ ಬೇರೆ ಯಾಕೆ ಹಾಕ್ತಾರೆ? ಇಡೀ ಶರ್ಟಲ್ಲಿ ಅದೂ ಬಂತಲ್ಲ.” ಹುಡುಗಿ ನಕ್ಕು, ಬೆರಳಿನಿಂದ ಇನ್ನೊಂದನ್ನು ಸರಿಸಿದಳು. “ಇದನ್ನ ಕೇಳು, ಇದು ನನಗೆ. ‘ಹೊಸಬರಿಗೆ ಮಾತ್ರ ಅವಕಾಶ. ಎರಡು ವರ್ಷದ ಅನುಭವ ಕಡ್ಡಾಯ.’ ಹುಟ್ಟೋ ಮೊದಲೇ ಎರಡು ವರ್ಷ ಬೆಳೆದಿರಬೇಕಂತೆ ನಾನು! ಅತ್ತೆ, ನಿನ್ನ ಹತ್ರ ಬೇಕಾದಷ್ಟಿದೆ, ನನಗೊಂದೆರಡು ವರ್ಷ ಸಾಲ ಕೊಡು.”

“ತಗೋ, ಎಲ್ಲಾ ತಗೋ” ಎಂದಳು ಅವಳು, ಗೋಡೆಗೆ ಒರಗಿ.

“ಹಾಗಾದ್ರೆ ಇಂಟರ್‌ವ್ಯೂಗೆ ಅಂಗೀನೂ ನೀನೇ ಹೊಲಿದುಕೊಡಬೇಕು. ಬಿಳೀದು. ಬಟ್ಟೆ ತಂದಾಯ್ತು.”

ಮರುದಿನ ಸಂಜೆ ಆ ಬಿಳಿ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮೆಟ್ಟಿಲ ಕೆಳಗೆ ಕೂತಳು. ಈ ಸಲ ಹೊಲಿಸುವುದಕ್ಕಲ್ಲ, ಕಲಿಯುವುದಕ್ಕೆ.

ಮೂಲೆ ಟೈಲರು ಕನ್ನಡಕದ ಮೇಲಿನಿಂದ ನೋಡಿದ. “ಹೆಸರು ಬಂದ ಮೇಲೆ ವಿದ್ಯೆ ಕಲಿಯೋಳು ನೀನೊಬ್ಬಳೇ ತಾಯಿ.”

“ಬಯ್ಯೋದಾದ್ರೆ ಆಮೇಲೆ ಬಯ್ಯಿ. ಮೊದಲು ಹೇಳಿಕೊಡು.”

ಅವಳು ಮೊದಲು ಕಾಲರು ಹೊಲಿದು ತೋರಿಸಿದಳು. ಅವನು ಅದನ್ನು ಬೆಳಕಿಗೆ ಹಿಡಿದು, ಎರಡು ಮೂಲೆಗಳನ್ನೂ ಬೆರಳಿನಿಂದ ಮುಟ್ಟಿ, “ಚೆನ್ನಾಗಿದೆ” ಅಂದ. ಆಮೇಲೆ, “ಆದ್ರೆ ಬರೀ ಕಾಲರು ಹಾಕ್ಕೊಂಡು ಯಾರೂ ಬೀದೀಲಿ ಓಡಾಡಲ್ಲ” ಅಂದ.

ದಿನಾ ಸಂಜೆ ಹೋದಳು. ಹಳೆಯ ಬೆಡ್‌ಶೀಟು ಕತ್ತರಿಸಿ ಕಲಿತಳು. ಜೇಬು ಒಂದು ವಾರಕ್ಕೆ ಬಂತು. ಭುಜ ಬಂತು, ಪಕ್ಕ ಬಂತು, ಕಫ್ ಒದ್ದಾಡಿಸಿ ಬಂತು. ತೋಳು ಮಾತ್ರ ಬರಲಿಲ್ಲ. ತೋಳಿನ ಬಾಯಿ ದೊಡ್ಡದು, ಕಂಕುಳ ಬಾಯಿ ಚಿಕ್ಕದು. ದೊಡ್ಡದನ್ನು ಚಿಕ್ಕದರೊಳಗೆ ಸುಕ್ಕು ಬೀಳದ ಹಾಗೆ ಕೂರಿಸಬೇಕು.

“ಅದು ಹೇಗೆ ಆಗುತ್ತೆ?” ಎಂದು ಅವಳು ಸಿಟ್ಟಾದಳು.

“ಒಂದೂವರೆ ಕೋಣೇಲಿ ನೀವು ನಾಲ್ಕು ಜನ ಇದೀರಲ್ಲ, ಹಾಗೆ. ಎಳೀಬಾರದು. ಅಲ್ಲಿಷ್ಟು ಇಲ್ಲಿಷ್ಟು ಒಪ್ಪಿಸಿಕೊಂಡು ಹೋಗಬೇಕು.”

ಅವಳ ಕೈ ಎಳೆಯುತ್ತಿತ್ತು. ಕಾಲರಿಗೆ ಎಳೆದು ಹಿಡಿಯುವುದೇ ಗುಣ; ತೋಳಿಗೆ ಅದೇ ದೋಷ. ಹೊಲಿಯುವುದು, ಸುಕ್ಕು ಬೀಳುವುದು, ಬಿಚ್ಚುವುದು. ಬಿಚ್ಚಿ ಬಿಚ್ಚಿ ಬಟ್ಟೆಯ ಅಂಚು ಜೂಲು ಜೂಲಾಗುತ್ತಿತ್ತು. ಸೊಸೆಯ ಇಂಟರ್‌ವ್ಯೂ ನಾಳೆ ಎನ್ನುವ ಸಂಜೆಯೂ ಬಿಳಿ ಅಂಗಿಗೆ ತೋಳು ಕೂತಿರಲಿಲ್ಲ. ಮುದುಕ ಸ್ವಲ್ಪ ಹೊತ್ತು ನೋಡಿದ, ಆಮೇಲೆ ಅಂಗಿಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಎರಡು ತೋಳೂ ಹೇಗೆ ಕೂತವು ಎಂದು ಅವಳಿಗೆ ಕಾಣಿಸಲೇ ಇಲ್ಲ. ಅವನ ಬೆನ್ನು ಅಡ್ಡ ಇತ್ತು, ಅವಳ ಕಣ್ಣೂ ಸ್ವಲ್ಪ ಮಂಜಾಗಿತ್ತು.

ಬೆಳಿಗ್ಗೆ ಸೊಸೆ ಅಂಗಿ ತೊಟ್ಟು ಎರಡೂ ಕೈ ಮೇಲೆತ್ತಿ ಕನ್ನಡಿಯ ಮುಂದೆ ತಿರುಗಿದಳು. “ತೋಳು ಎಷ್ಟು ಹಗುರ ಅತ್ತೆ! ಅಂಗಡಿ ಅಂಗೀಲಿ ಕಂಕುಳು ಹಿಡಿಯುತ್ತೆ, ಇದು ಇಲ್ಲವೇ ಇಲ್ಲ ಅನ್ನೋ ಹಾಗಿದೆ.” ಓಡಿ ಬಂದು ಅತ್ತೆಯ ಎರಡು ಕೈಗಳನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳು ಕೈ ಹಿಂದಕ್ಕೆ ಎಳೆದುಕೊಂಡು, “ಹೊತ್ತಾಯ್ತು, ಹೋಗು” ಅಂದಳು.

ಆ ಹುಡುಗಿಗೆ ಕೆಲಸ ಸಿಕ್ಕಿತು. “ಎರಡು ವರ್ಷ ಅಂತ ಹೇಳಿದೆ, ನಂಬಿದರು” ಎಂದು ಪಿಸುಗುಟ್ಟಿ ನಕ್ಕಳು. ಮಾರನೆಯ ದಿನ, ಸೊಸೆ ಓದಿ ಹೇಳಿದ್ದ ಆ ಸೀನಿಯರ್ ಟೈಲರ್ ಕೆಲಸಕ್ಕೆ ಅತ್ತೆಯ ಟ್ರಯಲ್. ಯಂತ್ರವನ್ನು ಅಂಗಡಿಯವನು ಭಾನುವಾರ ತಂದಿಳಿಸುವುದು ಎಂದು ತಮ್ಮ ಗೊತ್ತು ಮಾಡಿಕೊಂಡು ಬಂದಿದ್ದ.

ಟ್ರಯಲ್ ಕೋಣೆ ಉದ್ದಕ್ಕೆ ಇತ್ತು, ಎರಡು ಸಾಲು ಯಂತ್ರ, ತುದಿಯಲ್ಲಿ ಒಂದು ಮೇಜು, ಅದರ ಮೇಲೆ ಕಂಪ್ಯೂಟರು. ಮೇಜಿನ ಹಿಂದೆ ಮಾಸ್ಟರು: ಐವತ್ತರ ಆಸುಪಾಸಿನವನು, ಕಣ್ಣ ಕೆಳಗೆ ಊತ, ಕಿವಿಯ ಮೇಲೆ ಸೀಸದ ಕಡ್ಡಿ. ಅಂದು ಅವಳೊಬ್ಬಳೇ ಬಂದಿದ್ದಳು.

“ಬನ್ನಿ ಅಕ್ಕ. ಎರಡು ಗಂಟೆ ಟೈಮು. ಎರಡು ಶರ್ಟಿನ ತುಂಡು ಇಟ್ಟಿದೀನಿ. ಹೊಲಿಯಬೇಕಾದ್ದು ಒಂದೇ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಗುಂಡಿ ಕಾಜ ಬೇಡ.” ಇಷ್ಟು ಹೇಳಿ ಅವನು ಕಂಪ್ಯೂಟರಿನತ್ತ ತಿರುಗಿದ.

ಯಂತ್ರ ಅವಳ ಹಳೆಯ ಯಂತ್ರದ ಜಾತಿಯದೇ. ಮೊಣಕಾಲಿಗೆ ಸನ್ನೆಕೋಲು ತಾಗಿದ್ದೇ ತಡ, ಅವಳ ಬೆನ್ನು ನೆಟ್ಟಗಾಯಿತು. ಮೂರು ತಿಂಗಳ ಅಲೆದಾಟ, ಬಿಚ್ಚಿದ ತೋಳುಗಳು, ಭಾನುವಾರ, ಎಲ್ಲವೂ ಒಂದು ಗಳಿಗೆ ದೂರ ಸರಿದವು. ಕಾಲರಿನ ತುಂಡು ಎತ್ತಿಕೊಂಡಳು. ಗರ್... ಟಕ್. ಗರ್ರ್ರ್... ಟಕ್. ಗರ್. ಮಗುಚಿದಳು, ಮೂಲೆಯನ್ನು ತಿವಿದು ಹೊರಗೆ ತಂದಳು, ಮೇಲು ಹೊಲಿಗೆ ಹಾಕಿದಳು, ಪಟ್ಟಿ ಕೂಡಿಸಿದಳು. ಎಷ್ಟು ದಿನವಾಗಿತ್ತು ಈ ಸದ್ದು ಕೇಳಿ! ಕಾಲರನ್ನು ಬಲಕ್ಕೆ ದೂಡಿದಳು. ಕೈ ಎಡಕ್ಕೆ ಚಾಚಿತು, ತುಂಡು ಸಿಕ್ಕಿತು. ಗರ್... ಟಕ್.

ಎರಡನೆಯದನ್ನೂ ಬಲಕ್ಕೆ ದೂಡಿ ಅವಳ ಕೈ ಮತ್ತೆ ಎಡಕ್ಕೆ ಚಾಚಿದಾಗ ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಬರೀ ಮೇಜನ್ನು ತಡವಿದವು.

ಆಗ ಅವಳು ತಲೆಯೆತ್ತಿದಳು. ಬಲಗಡೆ ಒಂದರ ಪಕ್ಕ ಒಂದು ಎರಡು ಕಾಲರು. ಎದುರಿಗೆ ಭುಜದ, ಬೆನ್ನಿನ, ತೋಳಿನ ತುಂಡುಗಳು ಹಾಗೆಯೇ ಬಿದ್ದಿದ್ದವು, ಯಾರೋ ಬಂದು ತೆಗೆದುಕೊಂಡು ಹೋಗಲಿ ಎಂದು ಕಾಯುವವರ ಹಾಗೆ. ಅವಳಿಗೆ ಅಳು ಬರಲಿಲ್ಲ. ಕುತ್ತಿಗೆಯ ಹಿಂದಿನಿಂದ ಒಂದು ದೊಡ್ಡ ಆಯಾಸ ಇಳಿದು ಬಂದು ಎರಡೂ ಕೈಗಳ ಮೇಲೆ ಕೂತಿತು.

ಆಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡು ಹೊಲಿದಳು. ಜೇಬು, ಭುಜ, ಕಾಲರು ಕೂಡಿಸಿ, ಪಕ್ಕ ಮುಚ್ಚಿ, ಎರಡು ತೋಳಿಗೂ ಕಫ್ ಹಾಕಿ. ಬಲತೋಳನ್ನು ಕಂಕುಳ ಬಾಯಿಗೆ ಇಟ್ಟುಕೊಂಡಾಗ ಮುದುಕನ ಮಾತು ನೆನಪಾಯಿತು. ಎಳೆಯಲಿಲ್ಲ. ಎಳೆಯುವ ಶಕ್ತಿಯೂ ಉಳಿದಿರಲಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಒಪ್ಪಿಸುತ್ತಾ ಹೋದಳು. ಸುತ್ತು ಮುಗಿದು ದಾರ ಕತ್ತರಿಸಿ ತಿರುಗಿಸಿ ನೋಡಿದರೆ ಒಂದು ಸುಕ್ಕೂ ಇರಲಿಲ್ಲ. ತನ್ನ ಕಣ್ಣನ್ನು ತಾನೇ ನಂಬದೆ ಬೆರಳು ಆಡಿಸಿ ನೋಡಿದಳು. ಇಲ್ಲ.

“ಅಕ್ಕ, ಟೈಮಾಯ್ತು.”

ಎಡತೋಳು ಇನ್ನೂ ಮೇಜಿನ ಮೇಲೇ ಇತ್ತು.

ಮಾಸ್ಟರು ಬಂದು ಅಂಗಿಯನ್ನು ಎತ್ತಿ ನೋಡಿದ, ಆಮೇಲೆ ಉಳಿದಿದ್ದ ಇನ್ನೊಂದು ಕಾಲರನ್ನು ನೋಡಿದ. ಅವಳನ್ನು ಮೇಜಿನ ಹತ್ತಿರ ಕರೆದು ಕುರ್ಚಿ ತೋರಿಸಿದ.

“ಇದು ಯಾಕೆ ಹೊಲಿದ್ರಿ?”

“ನಾನಲ್ಲ. ಕೈ.”

ಅವನು ನಗಲಿಲ್ಲ. ಕುರ್ಚಿಗೆ ಒರಗಿ ಒಂದು ಉಸಿರು ಬಿಟ್ಟ. “ನಾನು ಜೇಬು, ಅಕ್ಕ. ಬೇರೆ ಕಾರ್ಖಾನೇಲಿ ಹದಿನಾಲ್ಕು ವರ್ಷ ಬರೀ ಜೇಬು. ಇವತ್ತಿಗೂ ಬಸ್ಸಲ್ಲಿ ಯಾರದಾದ್ರೂ ಅಂಗಿ ಕಂಡರೆ ಕಣ್ಣು ಜೇಬಿಗೇ ಹೋಗುತ್ತೆ. ಜನ ಕಳ್ಳ ಅನ್ಕೊಂಡು ಪರ್ಸು ಗಟ್ಟಿ ಹಿಡ್ಕೋತಾರೆ.”

ಅವಳಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಅರ್ಧಕ್ಕೇ ನಿಂತಿತು.

“ಸೀನಿಯರ್ ಅಂತ ಹಾಕೋಕೆ ಆಗಲ್ಲ” ಎಂದ ಅವನು. “ಶರ್ಟು ಪೂರ್ತಿ ಆಗಿಲ್ಲ.”

“ಗೊತ್ತು.”

“ಜೂನಿಯರ್ ಅಂತ ಹಾಕೋಣ ಅಂದ್ರೆ ವಯಸ್ಸು ಮೂವತ್ತೈದು ದಾಟಿರಬಾರದು.”

“ಅದೂ ಗೊತ್ತು. ಹೋದ ಗೇಟಲ್ಲೆಲ್ಲ ಅದನ್ನೇ ಹೇಳಿದ್ರು.”

“ನಡುವೆ ಒಂದಿದೆ. ಮಧ್ಯಮ ಅಂತ. ನಿಮ್ಮ ಬಲತೋಳು ನೋಡಿದೆ, ಅದಕ್ಕೆ ಧಾರಾಳವಾಗಿ ಸಾಕು. ಆದ್ರೆ ಅದಕ್ಕೆ ಅನುಭವ ಮೂರರಿಂದ ಐದು ವರ್ಷ ಅಂತ ಇಟ್ಟಿದಾರೆ. ಹತ್ತೊಂಬತ್ತು ಅಂತ ಹಾಕಿದ್ರೆ ಕಂಪ್ಯೂಟರ್ ತಗೊಳಲ್ಲ. ಇಷ್ಟು ವರ್ಷ ಆಗಿಯೂ ಇನ್ನೂ ನಡುವೇನೇ ಯಾಕೆ ಇದಾರೆ ಅಂತ ವಾಪಸ್ ಕಳಿಸುತ್ತೆ.” ಅವನು ದನಿ ತಗ್ಗಿಸಿದ. “ನಾಲ್ಕು ಅಂತ ಹಾಕ್ತೀನಿ. ಸೋಮವಾರದಿಂದಲೇ ಬನ್ನಿ.”

“ಉಳಿದ ಹದಿನೈದು?”

“ಯಾರಾದ್ರೂ ಕೇಳಿದ್ರೆ, ಮನೇಲಿದ್ದೆ ಅನ್ನಿ.”

ಮನೇಲಿದ್ದೆ. ಅವಳು ಆ ಮಾತನ್ನು ಒಳಗೇ ಒಂದು ಸಲ ಹೇಳಿ ನೋಡಿಕೊಂಡಳು. ಅಪ್ಪ ಹೋದ ಸುದ್ದಿ ಬಂದಾಗ ಅವಳು ಮನೆಯಲ್ಲಿರಲಿಲ್ಲ, ಎರಡನೆಯ ಮೂಲೆಯಲ್ಲಿ ಸೂಜಿ ಇಳಿಸಿ ಕೂತಿದ್ದಳು. ಆ ಕಾಲರನ್ನು ಮುಗಿಸಿಯೇ ಎದ್ದಿದ್ದಳು. ಸೊಸೆ ಮೊದಲ ಹೆಜ್ಜೆ ಇಟ್ಟಾಗಲೂ ಮನೆಯಲ್ಲಿರಲಿಲ್ಲ. ಸೂಜಿ ಉಗುರು ದಾಟಿ ಹೋದ ಮಧ್ಯಾಹ್ನ, ಎಡತೋಳಿನವಳು ಬೆರಳಿಗೆ ತನ್ನ ಚೂರು ಬಟ್ಟೆ ಸುತ್ತಿ ಕಟ್ಟಿದ್ದಳು. ಅದೆಲ್ಲ ಈಗ ಎಲ್ಲಿಗೆ ಹೋಗಬೇಕು? ಒಂದೇ ಮನೆಯಲ್ಲಿ ಹುಡುಗಿಯೊಬ್ಬಳು ಇಲ್ಲದ ಎರಡು ವರ್ಷ ಸೇರಿಸಿಕೊಂಡು ಬಂದಳು, ಅತ್ತೆ ಇದ್ದ ಹದಿನೈದನ್ನು ಕಳೆದುಕೊಂಡು ಬರುತ್ತಾಳೆ. ಅದರಲ್ಲೇ ಎರಡು ಅವಳಿಗೆ ಕೊಟ್ಟೆ ಅಂದುಕೊಂಡರಾಯಿತು. ಉಳಿದದ್ದಕ್ಕೆ ಗಿರಾಕಿ ಇಲ್ಲ.

ಆದರೂ ಭಾನುವಾರ ಯಂತ್ರ ಬರುವುದಿಲ್ಲ. ಬೋರ್ಡು ಏರುವುದಿಲ್ಲ. ತಮ್ಮನ ಮುಖ ಇದ್ದ ಹಾಗೆಯೇ ಇರುತ್ತದೆ.

“ಬರ್ಕೊಳ್ಳಿ” ಅಂದಳು.

ಮಾಸ್ಟರು ಕೀಲಿಗಳ ಮೇಲೆ ಎರಡು ಬೆರಳು ಕುಟ್ಟತೊಡಗಿದ. ಅವಳು ಕುರ್ಚಿಯಲ್ಲೇ ಹಿಂದೆ ತಿರುಗಿ ತಾನು ಕೂತಿದ್ದ ಸಾಲಿನ ಕೊನೆಯತ್ತ ನೋಡಿದಳು. ಯಂತ್ರದ ಪುಟ್ಟ ದೀಪ ಇನ್ನೂ ಉರಿಯುತ್ತಿತ್ತು. ಅದರ ಕೆಳಗೆ ಒಂದೇ ತೋಳಿನ ಅಂಗಿ, ಪಕ್ಕದಲ್ಲಿ ಆ ಎಡತೋಳು, ಕಫ್ ಸಮೇತ, ಮೊಣಕೈ ಮಡಿಸಿ ಮಲಗಿದ ಹಾಗೆ.

“ಒಂದು ವಿಷಯ ಅಕ್ಕ,” ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. “ಇಲ್ಲಿಂದ ಇಲ್ಲಿವರೆಗೆ ಅಂತ ಕೇಳ್ತಿದೆ. ಯಾವ ನಾಲ್ಕು ವರ್ಷ ಹಾಕಲಿ? ಮೊದಲನೇದಾ, ಕೊನೇದಾ?”

ಅವಳು ಎದ್ದಳು. ಕುರ್ಚಿ ಕಿರ್ರೆಂದಿತು.

“ಕೊನೇದೇ ಹಾಕೋಣ ಅಲ್ವಾ? ಹೊಸದಾಗಿ ಕಾಣುತ್ತೆ. ಅಥವಾ ನಡುವಿನದು... ಅಕ್ಕ? ಅಲ್ಲೇನಿದೆ ಈಗ? ಟೈಮ್ ಮುಗಿದಾಯ್ತು, ಇನ್ನು ಹೊಲಿದ್ರೂ ಲೆಕ್ಕಕ್ಕೆ ಬರಲ್ಲ. ಅಕ್ಕಾ, ಯಾವ ನಾಲ್ಕು—”

ಅವಳು ಎರಡು ಸಾಲಿನ ನಡುವೆ, ಆ ದೀಪದ ಕಡೆಗೆ, ಎಡಗೈಯನ್ನು ಆಗಲೇ ಸ್ವಲ್ಪ ಮುಂದೆ ಚಾಚಿಕೊಂಡು ನಡೆದುಹೋಗುತ್ತಿದ್ದಳು.